ನೋಕಿ ಯಾರ ನಾಯಿ

ನದಿಯ ತಿರುವು ದಾಟಿದ್ದೇ ತಡ, ನೋಕಿಯ ಕಿವಿ ನಿಮಿರಿತು. ಹಿಮಬಂಡಿ ಎಳೆಯುವ ಹತ್ತು ನಾಯಿಗಳ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಓಡುವವನು ಅವನು. ಅವನ ಕಿವಿ ನಿಮಿರಿತೆಂದರೆ ಬಂಡಿ ನಡೆಸುವ ಯೂಲಾಳ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಬಂಡಿ ಹಿಮವನ್ನು ಕೆರೆಯುತ್ತ ನಿಂತಿತು. ನಲವತ್ತು ಹೆಜ್ಜೆ ಮುಂದೆ, ದಾರಿಯ ನಟ್ಟನಡುವೆ, ಒಂದು ಹೆಣ್ಣು ಮೂಸ್ ನಿಂತಿತ್ತು.

ಕುದುರೆಗಿಂತ ಎತ್ತರದ, ಕಡವೆ ಜಾತಿಯ ಪ್ರಾಣಿ, ಪಕ್ಕೆಲುಬು ಎಣಿಸಬಹುದಿತ್ತು. ಆ ವರ್ಷ ಎದೆಮಟ್ಟ ಹಿಮ ಬಿದ್ದಿತ್ತು. ಬಡಪಾಯಿಗೆ ಕಾಲೂರಲು ಗಟ್ಟಿ ನೆಲವೆಂದರೆ ಬಂಡಿಗಳು ತುಳಿದು ಮಾಡಿದ ಈ ಕಿರುದಾರಿಯೊಂದೇ. ಅದು ಯಾಕೆ ಬಿಟ್ಟುಕೊಟ್ಟೀತು? ಅದರ ಜಾಗದಲ್ಲಿದ್ದರೆ ಯೂಲಾ ಕೂಡ ಬಿಡುತ್ತಿರಲಿಲ್ಲ.

ಇನ್ನೂರ ನಲವತ್ತು ಮೈಲಿಯ ನಾಯಿಬಂಡಿ ಓಟದ ಪಂದ್ಯ. ಬೆಳಗಿನಿಂದ ಅವಳೇ ಎಲ್ಲರಿಗಿಂತ ಮುಂದಿದ್ದಳು. ನಾಯಿ ಡಾಕ್ಟರು ಕೂತಿರುವ ಹಳ್ಳಿ ಇನ್ನು ಹನ್ನೆರಡು ಮೈಲಿ. ಹಿಂದೆ, ಅರ್ಧ ಗಂಟೆಯ ದೂರದಲ್ಲಿ, ಸೈಲಸ್ ಬರುತ್ತಿದ್ದ.

ಅವಳು ಬಂದೂಕು ಕೈಗೆ ತೆಗೆದುಕೊಂಡಳು, ಆದರೆ ಎತ್ತಲಿಲ್ಲ. ದೊಡ್ಡ ಪ್ರಾಣಿಯ ಎದುರು ದೊಡ್ಡ ಮಾತಾಡಬಾರದೆಂದು ಅಜ್ಜಿ ಹೇಳುತ್ತಿದ್ದಳು. ಯೂಲಾ ಮೆಲ್ಲಗೆ ಬೇಡಿಕೊಂಡಳು: "ತಾಯೀ, ಒಂಚೂರು ದಾರಿ ಬಿಡಮ್ಮಾ. ನಿನ್ನ ತಂಟೆಗೆ ಬರಲ್ಲ, ಹೋಗ್ಬಿಡ್ತೀವಿ."

ನಾಯಿಗಳು ಬೊಗಳಿ ಬೊಗಳಿ ಎಲ್ಲ ಕೆಡಿಸಿದವು. ಮೂಸ್ ಕಿವಿ ಹಿಂದಕ್ಕೆ ಮಡಚಿತು. ಮಡಚಿದ ಕಿವಿ ಕಂಡೊಡನೆ ಯೂಲಾ ಬಂದೂಕು ಎತ್ತಿದಳು. ಮರುಕ್ಷಣ ಅದು ನಾಯಿಗಳ ಮೇಲೆಯೇ ನುಗ್ಗಿ, ಮುಂಗಾಲುಗಳಿಂದ ಕುಟ್ಟತೊಡಗಿತು. ಅವಳು ಮೂರು ಗುಂಡು ಹೊಡೆದಳು. ಮೂರನೆಯದಕ್ಕೆ ಅದು ದಾರಿಗೆ ಅಡ್ಡಲಾಗಿ ಉರುಳಿತು. ನೋಕಿಯ ಅರ್ಧ ಮೈ ಅದರ ಕುತ್ತಿಗೆಯ ಕೆಳಗಿತ್ತು.

ಎಳೆದು ತೆಗೆದಳು. ಜೀವವಿತ್ತು. ಹಿಂಗಾಲಿನ ತೊಡೆ ಮೂಳೆ ಕಾಣುವಷ್ಟು ಬಿರಿದಿತ್ತು. ಕೊರಳವಸ್ತ್ರ ಬಿಚ್ಚಿ ಬಿಗಿಯಾಗಿ ಕಟ್ಟಿ, ಅವನನ್ನು ತನ್ನ ಮಲಗುಚೀಲದೊಳಗೆ ಹಾಕಿದಳು. ವಸ್ತ್ರ ಕಟ್ಟುತ್ತಿದ್ದಂತೆಯೇ ಒದ್ದೆಯಾಯಿತು. ಅವನು ಮುಲುಗಲೂ ಇಲ್ಲ. ಮುಲುಗದ ನಾಯಿಯನ್ನು ಕಂಡರೆ ಅವಳಿಗೆ ಇನ್ನೂ ಹೆಚ್ಚು ಭಯ.

ಹೋಗುವುದಾದರೂ ಹೇಗೆ? ಮುನ್ನೂರು ಕಿಲೋ ತೂಗುವ ಹೆಣ ದಾರಿಗೆ ಅಡ್ಡ ಬಿದ್ದಿದೆ. ಎರಡೂ ಬದಿಗೆ ನಾಯಿಗಳು ಮುಳುಗಿಹೋಗುವಷ್ಟು ಹಿಮ. ಓಟದ ನಿಯಮವೂ ಅದೇ, ಹಿರಿಯರ ಕಟ್ಟಳೆಯೂ ಅದೇ: ಕೊಂದ ಮೂಸ್‌ನ ಕರುಳು ತೆಗೆಯದೆ ಯಾರೂ ಮುಂದೆ ಹೋಗುವಂತಿಲ್ಲ, ಹಿಂದೆ ಬಂದವರು ಕೈಹಾಕಲೇಬೇಕು. ಎಂಥ ಚಳಿಯಲ್ಲೂ ಕರುಳು ಒಳಗಿದ್ದರೆ ಮಾಂಸ ಕೆಡುತ್ತದೆ, ಊರಿನ ಪಾಲು ಹಾಳಾಗುತ್ತದೆ. ನಿಯಮವನ್ನು ಅವಳು ಗಾಳಿಗೆ ತೂರಿಯಾಳು. ಆದರೆ ಕರುಳು ತೆಗೆದು ಹಗುರ ಮಾಡದೆ ಆ ಮೈಯನ್ನು ಅಲುಗಿಸಲು ಮೂರು ಜನಕ್ಕೂ ಆಗದು.

ಕೈಗವಸು ಕಿತ್ತೆಸೆದು ಚಾಕು ಹಿಡಿದಳು. ಮೊಣಕೈವರೆಗೆ ರಕ್ತವಾಗಿದ್ದಾಗ ಹಿಂದಿನಿಂದ ಸೈಲಸನ ದನಿ ಕೇಳಿತು.

"ಏನಮ್ಮಾ, ಓಟ ಬಿಟ್ಟು ಅಡುಗೆಗೆ ಕೂತ್ಯಾ?"

ಸೈಲಸ್ ಅವಳ ತೀರಿಹೋದ ಗಂಡನ ಅಣ್ಣ. ಇಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು, ಅದೂ ಈ ನಾಯಿಯಿಂದಲೇ. ಸೈಲಸನ ಹೆಣ್ಣುನಾಯಿ ಒಂಬತ್ತು ಮರಿ ಹಾಕಿತ್ತು. ಅದರಲ್ಲೊಂದು ಪೀಚಲು, ಹಿಂಗಾಲು ಸೋತದ್ದು. ಅದನ್ನು ಚೀಲಕ್ಕೆ ಹಾಕಿ ನದಿಯ ಕಡೆ ಹೊರಟವನನ್ನು ಯೂಲಾ ತಡೆದಿದ್ದಳು. "ತಗೊಂಡು ಹೋಗು, ಇದಕ್ಕೆ ಹಾಕಿದ ಮೀನು ದಂಡ" ಎಂದು ಕೊಟ್ಟಿದ್ದ. ಎರಡು ವರ್ಷಕ್ಕೆ ಆ ಪೀಚಲು ಮುಂದೆ ನಿಂತು ಸೈಲಸನ ಸಾಲನ್ನೇ ಸೋಲಿಸಿತು. ಅಂದಿನಿಂದ ಅವನದು ಒಂದೇ ರಾಗ: ಅದು ನನ್ನ ನಾಯಿ, ಸಾಕಲು ಕೊಟ್ಟಿದ್ದೆ ಅಷ್ಟೆ. ವಾಪಸು ಕೇಳಲು ಮನೆಬಾಗಿಲಿಗೂ ಬಂದಿದ್ದ. ನೋಕಿ ಎಂದು ಯೂಲಾ ಇಟ್ಟ ಹೆಸರು ಅವನ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ, ಅವನ ಪಾಲಿಗೆ ಅದು ಇನ್ನೂ ಪೀಚಲೇ.

ಈಗ ಅವನು ಬಂಡಿಯ ಹತ್ತಿರ ಹೋಗಿ ಮಲಗುಚೀಲದೊಳಗೆ ಇಣುಕಿದ. ಮುಖದಲ್ಲಿದ್ದ ನಗು ಇಳಿದುಹೋಯಿತು.

"ಪೀಚಲಾ?"

"ಹೂಂ."

ಅವನು ಮತ್ತೇನೂ ಕೇಳದೆ ಮಂಡಿಯೂರಿ ಚಾಕು ತೆಗೆದ. "ಅಲಗು ಮೇಲ್ಮಾಡಿ ಹಿಡಿ. ಜಠರ ತೂತಾದ್ರೆ ಮಾಂಸ ಎಲ್ಲಾ ನಾರುತ್ತೆ. ಅಳು ಆಮೇಲೆ ಅಳುವಂತೆ."

"ನಾನೇನ್ ಅಳ್ತಿಲ್ಲ."

"ಕಾಣ್ತಿದೆ ಬಿಡು."

ಮೂಸ್‌ನ ಹೊಟ್ಟೆಯಿಂದ ಏಳುವ ಹಬೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಹೊರಗೆ ಬೆರಳು ಮರಗಟ್ಟುತ್ತಿತ್ತು, ಒಳಗೆ ಕೈಯಿಟ್ಟರೆ ಸುಡುತ್ತಿತ್ತು. ಅವನು ಕರುಳಿನ ಬುಡ ಕೊಯ್ದ, ಅವಳು ಎಳೆದಳು. ಅವಳ ಕಣ್ಣು ಮಾತ್ರ ಮತ್ತೆ ಮತ್ತೆ ಬಂಡಿಯ ಕಡೆಗೇ ಹೋಗುತ್ತಿತ್ತು. ಚೀಲ ಅಲುಗುತ್ತಿದೆಯೋ ಇಲ್ಲವೋ? ಇಪ್ಪತ್ತು ನಿಮಿಷದಲ್ಲಿ ಕರುಳೆಲ್ಲ ಹೊರಬಿತ್ತು. ಮೂಸ್‌ನ ಕಾಲಿಗೆ ಹಗ್ಗ ಕಟ್ಟಿ, ಸೈಲಸನ ನಾಯಿಗಳಿಂದಲೂ ಎಳೆಸಿ, ಹೆಣವನ್ನು ಬದಿಗೆ ಸರಿಸಿದರು.

ಯೂಲಾ ಬಂಡಿ ಹತ್ತಿ ಕೂಗಿದಳು. ನಾಯಿಗಳು ಎದ್ದವು, ಮುಂದೆ ನೋಕಿಯಿಲ್ಲದ್ದನ್ನು ಕಂಡು ಮತ್ತೆ ಕೂತವು.

"ನಿನ್ ಸಾಲು ಈಗ ತಲೆಯಿಲ್ಲದ ಹಾವು," ಎಂದ ಸೈಲಸ್. "ನೀನು ಊರು ಮುಟ್ಟೋದ್ರಲ್ಲಿ ಅವನು ಕಟ್ಟಿಗೆ ಆಗಿರ್ತಾನೆ. ನನ್ ಬಂಡಿಗೆ ಹಾಕು."

ಯೂಲಾ ಚೀಲವನ್ನು ಅವುಚಿಕೊಂಡು ನಿಂತಳು. ಕೊಟ್ಟರೆ ಬದುಕಿಯಾನು. ಬದುಕಿದರೆ ತನ್ನವನಾಗಿ ಉಳಿದಾನೇ? ಹೀಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಚೀಲವನ್ನು ಅವನ ಬಂಡಿಯಲ್ಲಿಟ್ಟು ಪಟ್ಟಿ ಬಿಗಿದಳು.

"ಭಾವಾ, ಹುಷಾರು," ಎಂದಳು. ಆ ಶಬ್ದ ನಾಲ್ಕು ವರ್ಷದ ಮೇಲೆ ಬಾಯಿಗೆ ಬಂದಿತ್ತು. ತನ್ನ ಸಾಲನ್ನು ದಾರಿಯಂಚಿಗೆ ಒತ್ತಿ ಹಿಡಿದಳು. ಸೈಲಸ್ ಆ ಸಾಲಿನ ಪಕ್ಕದಿಂದ ತನ್ನ ನಾಯಿಗಳನ್ನು ದಾಟಿಸಿಕೊಂಡು ಹೊರಟುಹೋದ.

ಆ ಹನ್ನೆರಡು ಮೈಲಿ ಅವಳಿಗೆ ಮೂರು ಗಂಟೆ ಹಿಡಿಯಿತು. ಎಳೆಯ ಹೆಣ್ಣುನಾಯಿಯೊಂದನ್ನು ಮುಂದೆ ಕಟ್ಟಿದಳು. ಅದು ಪ್ರತಿ ತಿರುವಿನಲ್ಲೂ ನಿಂತು ಹಿಂದಿರುಗಿ ನೋಡುತ್ತಿತ್ತು. ಅರ್ಧ ದಾರಿಯಲ್ಲಿ ಯೂಲಾಳಿಗೆ ಇನ್ನೊಂದು ಮಾತು ನೆನಪಾಯಿತು. ಮಾಲೀಕರ ಹೆಸರು, ಸಹಿ ಇಲ್ಲದೆ ಡಾಕ್ಟರು ಕತ್ತರಿ ಮುಟ್ಟುವುದಿಲ್ಲ. ಓಟಕ್ಕೆ ಮುಂಚೆ ಅದನ್ನು ಎಲ್ಲರಿಗೂ ಓದಿ ಹೇಳಿದ್ದರು. ಸೈಲಸ್ ಏನು ಮಾಡಿಯಾನು? ನನ್ನದಲ್ಲ ಎಂದು ಸುಮ್ಮನೆ ಕೂತರೆ ನೋಕಿ ಸಾಯುತ್ತಾನೆ. ನನ್ನದು ಎಂದು ಬರೆದರೆ, ಮುಗಿಯಿತು, ಕಾಗದದ ಮೇಲೆ ಅವನದೇ.

"ಬರೀಲಿ," ಎಂದಳು ಗಟ್ಟಿಯಾಗಿ, ಗಾಳಿಗೆ. "ತನ್ನದೇ ಅಂತ ಬರೀಲಿ. ಬೇಗ ಬರೀಲಿ." ಹಾಗೆಂದ ಮೇಲೆ ಅತ್ತೇಬಿಟ್ಟಳು. ಕಣ್ಣೀರು ರೆಪ್ಪೆಯ ಮೇಲೆಯೇ ಹೆಪ್ಪುಗಟ್ಟಿತು.

ಹಳ್ಳಿಯ ಶಾಲೆಯ ಕೋಣೆಯಲ್ಲಿ ನಾಯಿ ಡಾಕ್ಟರಮ್ಮ ಕೈ ತೊಳೆಯುತ್ತಿದ್ದಳು. ಮೂಲೆಯಲ್ಲಿ, ಕಂಬಳಿಯ ಮೇಲೆ, ನೋಕಿ. ತೊಡೆಗೆ ದಪ್ಪ ಬಿಳಿ ಪಟ್ಟಿ. ಯೂಲಾಳ ವಾಸನೆ ಸಿಕ್ಕಿದ್ದೇ ಬಾಲ ಒಮ್ಮೆ ನೆಲಕ್ಕೆ ಬಡಿಯಿತು. ಅವಳು ಪಕ್ಕದಲ್ಲಿ ಕೂತು ಅವನ ಕಿವಿಗೆ ಮುಖವೊತ್ತಿದಳು.

"ಬದುಕ್ತಾನೆ," ಎಂದಳು ಡಾಕ್ಟರು. "ಆದ್ರೆ ಇನ್ನು ಓಡೋದು ಕಷ್ಟ. ಅರ್ಧ ಗಂಟೆ ತಡ ಆಗಿದ್ರೆ ಇಷ್ಟೂ ಇರ್ತಿರ್ಲಿಲ್ಲ. ನೀವು?"

ನಾನು ಯಾರು? ಅದು ಸೈಲಸ್ ಏನು ಬರೆದಿದ್ದಾನೋ ಅದರ ಮೇಲೆ. ಯೂಲಾ ಎದ್ದು ಮೇಜಿನ ಮೇಲಿದ್ದ ಕಾಗದವನ್ನು ಎಳೆದುಕೊಂಡಳು. ಸೈಲಸನ ಕೋಳಿಕಾಲಿನ ಅಕ್ಷರ, ಮೂಲೆಯಲ್ಲಿ ಮೂಸ್‌ನ ರಕ್ತದ ಹೆಬ್ಬೆರಳ ಗುರುತು.

ನಾಯಿಯ ಹೆಸರು: ನೋಕಿ. ಮಾಲೀಕರು: ಯೂಲಾ. ಅವಳ ಪರವಾಗಿ ಸಹಿ: ಸೈಲಸ್, ಅವಳ ಭಾವ.

"ಅವರು ಹೊಲಿಗೆ ಮುಗಿಯೋವರೆಗೂ ಇವನ ತಲೆ ಹಿಡ್ಕೊಂಡಿದ್ರು," ಎಂದಳು ಡಾಕ್ಟರು. "ಈಗ್ತಾನೆ ಹೊರಟ್ರು. ನಿಮಗೊಂದು ಮಾತು ಹೇಳೋಕೆ ಹೇಳಿದ್ದಾರೆ: ಪೀಚಲು ಗಟ್ಟಿಪಿಂಡ ಅಂತ. ಪೀಚಲು ಅಂದ್ರೆ ಯಾವ ನಾಯಿ?"

ಯೂಲಾ ಕಾಗದವನ್ನು ಮತ್ತೊಮ್ಮೆ ಓದಿ ಮಡಚಿದಳು.

"ಇವನೇ," ಎಂದಳು. "ಮನೇಲಿ ಇವನಿಗೆ ಎರಡು ಹೆಸರು."