ಕಲಾಯಿ ಹಾಕಿದ ತಾಮ್ರ

ದಾವಣಗೆರೆಯ ಮನೆಯಲ್ಲಿ ಹುರಿದ ಶೇಂಗಾದ ಸಿಪ್ಪೆ ತಿಕ್ಕುತ್ತಿದ್ದೆ. ಹೆರಿಗೆ ಆಸ್ಪತ್ರೆಯ ನರ್ಸ್ ಮುಮ್ತಾಜ್ ಬ್ಯಾಟರಿ ದೀಪ ಎತ್ತಿಕೊಂಡು ಬಂದಳು.

"ನಿಮ್ಮ ಮಾತು ನಂಬಿ ತಗಂಡ್ವಿ, ದ್ರಾಕ್ಷಾಯಣಮ್ಮ. ಮೀಟರ್ ನೋಡಿದ್ರೆ ಮುಕ್ಕಾಲು ತುಂಬೈತೆ. ಕೂಸಿನ ತಲೆ ಕಾಣೋ ಹೊತ್ತಿಗೆ ದೀಪ ಆರೇಬಿಡ್ತು."

"ಕೂಸು?"

"ಚೆನ್ನಾಗೈತೆ. ಅದು ತಾಯಿ ಪುಣ್ಯ, ನಿಮ್ಮ ದೀಪದ್ದಲ್ಲ."

ಆ ದೀಪಗಳನ್ನು ಹರಿಹರದಲ್ಲಿ ನನ್ನ ತಂಗಿಯ ಮಗ ಸಿದ್ದೇಶನ ಶೆಡ್ಡಿನಲ್ಲಿ ಜೋಡಿಸುವವಳು ನಾನು. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಒಂದೊಂದಕ್ಕೂ ಸಹಿ ಹಾಕುತ್ತಿದ್ದೆ. ಮೀಟರನ್ನು ಮಾತ್ರ ಅವನೇ ಬೆಸೆದು ಕೊಡುತ್ತಿದ್ದ.

ಬ್ಯಾಟರಿಗೆ ಹೋಗುವ, ಬರುವ ಕರೆಂಟೆಲ್ಲ ಒಂದು ಸಣ್ಣ ಲೋಹದ ಪಟ್ಟಿಯನ್ನು ಹಾಯಬೇಕು. ಅದನ್ನು ನೋಡಿಯೇ ಮೀಟರು ಲೆಕ್ಕ ಇಡುವುದು. ಪಟ್ಟಿ ಕರೆಂಟಿಗೆ ಒಡ್ಡುವ ತಡೆ ಹೆಚ್ಚಾದರೆ ಅದೇ ಬ್ಯಾಟರಿಯನ್ನು ತಿನ್ನುತ್ತದೆ, ತೀರಾ ಕಡಿಮೆಯಾದರೆ ಮೀಟರಿಗೆ ಏನೂ ಕಾಣದು. ಯಾವ ಲೋಹದ್ದೆಂದು ಆರಿಸುವಾಗ ಸಿದ್ದೇಶನೂ ನಾನೂ ಕೂತು ಒಂದೊಂದೇ ಪಟ್ಟಿ ಕಾಯಿಸಿ ನೋಡಿದ್ದೆವು. ತಾಮ್ರದ್ದು ಕಾದಷ್ಟೂ ಮೀಟರಿನ ಮುಳ್ಳು ಏರಿತು. ಮ್ಯಾಂಗನಿನ್ ಎಂಬ ಮಿಶ್ರಲೋಹದ್ದು ಕಾದರೂ ಮುಳ್ಳು ಕದಲಲಿಲ್ಲ. "ಇದೇ ಇರ್ಲಿ ದೊಡ್ಡವ್ವ" ಎಂದು ಅವನೇ ಅದಕ್ಕೆ ವಿಭೂತಿ ಹಚ್ಚಿದ್ದ.

ಮುಮ್ತಾಜಳ ಎದುರೇ ಪೆಟ್ಟಿಗೆ ಬಿಚ್ಚಿ, ಬೆಳ್ಳಗಿದ್ದ ಪಟ್ಟಿಯನ್ನು ಚಾಕುವಿನಿಂದ ಕೆರೆದೆ. ಹಳೆಯ ಪಾತ್ರೆಯ ಕಲಾಯಿ ಎದ್ದಂತೆ ಕೆಂಪು ಇಣುಕಿತು. ತಾಮ್ರ. ಚಾರ್ಜಿಗೆ ಹಾಕಿದಾಗ ಪೆಟ್ಟಿಗೆ ಕಾಯುತ್ತದೆ. ಕಾದ ತಾಮ್ರ ತುಂಬಿದ್ದಕ್ಕಿಂತ ಹೆಚ್ಚು ತುಂಬಿತೆಂದು ತೋರಿಸುತ್ತದೆ.

ಮರುದಿನ ಹರಿಹರಕ್ಕೆ ಹೋಗಿ ಕೇಳಿದೆ.

"ಮ್ಯಾಂಗನಿನ್ ಸಿಗ್ಲಿಲ್ಲ ದೊಡ್ಡವ್ವ. ದೀಪಕ್ಕೆ ಅಷ್ಟು ಬಾರೀಕು ಯಾಕ?"

"ಮತ್ತೆ ಕಲಾಯಿ ಯಾರ ಕಣ್ಣಿಗೋ?"

ನಕ್ಕ. "ನಿನ್ನ ಕಣ್ಣಿಗೇ. ಬ್ಯಾರೆ ಯಾರು ಬಿಚ್ಚಿ ನೋಡ್ತಾರೆ?"

ಹೊಸದಾಗಿ ಆಗಿದ್ದ ದಾವಣಗೆರೆ ಜಿಲ್ಲೆಯ ಆರೋಗ್ಯಾಧಿಕಾರಿಗೆ ಅಂದೇ ಪತ್ರ ಬರೆದೆ. ಸಿದ್ದೇಶ ಕಾಲು ಹಿಡಿದ. ಎಲ್ಲ ಪಟ್ಟಿ ತಾನೇ ಬದಲಿಸಿ ಕೊಡುವೆನೆಂದ. ಪತ್ರವನ್ನು ಅಂಚೆಗೆ ಹಾಕದೆ ಇಟ್ಟುಕೊಂಡೆ. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು, ಪಟ್ಟಿ ಬದಲಾಗಲಿಲ್ಲ. ಕರೆಂಟ್ ಹೋದಾಗಲೆಲ್ಲ ಬಾಗಿಲಿಗೆ ಬಂದು ಹೆರಿಗೆ ಆಸ್ಪತ್ರೆಯ ದಿಕ್ಕಿಗೆ ನೋಡುತ್ತಿದ್ದೆ.

ಆಮೇಲೊಂದು ದಿನ ಶೆಡ್ಡಿನಲ್ಲಿ ಕುಕ್ಕುವಾಡ ಹಳ್ಳಿಗೆ ಹೊರಟ ಹೊಸ ದೀಪಗಳನ್ನು ಕಂಡೆ. ಒಂದನ್ನು ಕೆರೆದೆ. ಮತ್ತೆ ಕೆಂಪು. ಮುಚ್ಚಳದ ಮೇಲೆ ನನ್ನ ಸಹಿ, ನಾನು ಹಾಕದ್ದು. ರಬ್ಬರ್ ಸ್ಟಾಂಪ್ ಮಾಡಿಸಿಬಿಟ್ಟಿದ್ದ.

"ಒಂದು ಮಾತು ಕೇಳಬಾರ್ದಿತ್ತೇನೋ?"

"ಕೇಳಿದ್ರೆ ಬ್ಯಾಡ ಅಂತಿದ್ದಿ."

ಅವನ ಕೈಯಲ್ಲಿ ಚಹಾದ ಲೋಟವಿತ್ತು, ನನಗೂ ಒಂದು ತರಿಸಿದ್ದ. ಕುಡಿಯದೆ ಎದ್ದೆ.

ಹರಿಹರದ ಅಂಚೆಯವರೆಲ್ಲ ಅವನ ಗೆಳೆಯರು. ಬಸ್ಸು ಹತ್ತಿ ದಾವಣಗೆರೆಗೆ ಬಂದು, ಅಂದು ಬರೆದಿಟ್ಟ ಪತ್ರದ ಲಕೋಟೆಯನ್ನು ಮನೆಯಿಂದ ತೆಗೆದುಕೊಂಡು ದೊಡ್ಡ ಅಂಚೆ ಕಚೇರಿಗೆ ಹೋದೆ. ಲಕೋಟೆಯ ಅಂಚು ಸವೆದಿತ್ತು.

"ಯಾವ ಕಾಲದ್ದಮ್ಮ ಇದು?" ಎಂದ ಗುಮಾಸ್ತ.

"ಆಗಲೇ ಹಾಕ್ಬೇಕಿತ್ತಪ್ಪ. ರಿಜಿಸ್ಟರ್ ಮಾಡು."

ಗೋಂದು ಹಚ್ಚಿ, ಠಸ್ಸೆ ಒತ್ತಿ, ಚೀಲಕ್ಕೆ ಎಸೆದ.