ಇದುವರೆಗೆ ನಡೆದು ಬಂದಂತೆ

ಈ ಸಲ ಹಬ್ಬದ ಬೆಂಕಿಯ ಮುಂದಿನ ಭಾಷಣ ಮೆರೆಟೆ ಮಾಡಲಿ ಎಂದು ಊರ ಸಮಿತಿ ತೀರ್ಮಾನಿಸಿದ್ದೇ ತಡ, ಏಗೊನ್ ಕೊಫೊಡ್‌ನ ಮುಖ ಹುಳಿ ಹಿಂಡಿದಂತಾಯಿತು. ಆಗದೆ ಇನ್ನೇನು? ಬಾರ್ನ್‌ಹೋಮ್ ದ್ವೀಪದ ಆ ಪುಟ್ಟ ಬಂದರಿನಲ್ಲಿ ನಡುಬೇಸಿಗೆಯ ಸಾಂಕ್ಟ್ ಹಾನ್ಸ್ ಹಬ್ಬದ ಸಂಜೆ, ಹುಲ್ಲಿನ ಮಾಟಗಾತಿ ಬೊಂಬೆಯನ್ನು ಸುಡುವ ಮುಂಚೆ, ಮೀನಿನ ಪೆಟ್ಟಿಗೆ ಹತ್ತಿ ಭಾಷಣ ಬಿಗಿಯುವ ಹಕ್ಕು ವರ್ಷಾನುಗಟ್ಟಲೆಯಿಂದ ಅವನದೇ. ಅವನು ಮುಗಿಸುವಷ್ಟರಲ್ಲಿ ಮಕ್ಕಳು ತೂಕಡಿಸುತ್ತಿದ್ದವು, ಬಿಯರ್ ಬೆಚ್ಚಗಾಗಿರುತ್ತಿತ್ತು. ಈಗ ನೋಡಿದರೆ, ತನ್ನ ಹೊಗೆಮನೆಯಲ್ಲಿ, ಹೊಗೆಯಲ್ಲಿ ಬೇಯಿಸಿ ಮಾರುವ ಹೆರಿಂಗ್ ಮೀನನ್ನು ಸರಳಿಗೆ ಪೋಣಿಸುವವಳು ಆ ಪೆಟ್ಟಿಗೆ ಹತ್ತುತ್ತಾಳಂತೆ!

"ಆ ಸಂಜೆ ನಿಂಗೆ ಕೆಲಸ ಇದೆ," ಎಂದ ಏಗೊನ್. "ರಾತ್ರಿ ಹತ್ತರ ತನಕ ಅಂಗಡಿ ತೆರೆದಿರುತ್ತೆ."

"ಯಾವಾಗಿಂದ?"

"ಈಗಿಂದ."

ಮೆರೆಟೆಗೆ ಮೈಯೆಲ್ಲ ಉರಿದುಹೋಯಿತು. ಸಮುದ್ರದಾಚೆಯ ಜಟ್ಲೆಂಡಿನಿಂದ ಮದುವೆಯಾಗಿ ಬಂದವಳು. ಗಂಡ ಬಿಟ್ಟುಹೋದ, ಅವಳು ಉಳಿದಳು. ಆದರೂ ಊರವರ ಬಾಯಲ್ಲಿ ಅವಳಿನ್ನೂ ‘ಆ ಹೊರಗಿನವಳು’. ನೀನು ಮಾತಾಡು, ನಾವು ಕೇಳುತ್ತೇವೆ ಎಂದು ಊರು ಅವಳನ್ನು ಕರೆದದ್ದು ಇದೇ ಮೊದಲು. ಅದನ್ನು ಬಿಟ್ಟುಕೊಡುವುದುಂಟೇ?

"ಹಾಗಾದ್ರೆ ಬರೆದುಕೊಡು," ಎಂದಳು.

"ಏನನ್ನ?"

"ನನ್ನ ಕೆಲಸದ ಷರತ್ತುಗಳನ್ನ. ಸೇರಿದಾಗ್ಲೇ ಕೊಡ್ಬೇಕಿತ್ತು, ಕಾನೂನು ಅದು. ಇಷ್ಟು ವರ್ಷ ಆಯ್ತು, ನೀನು ಕೈ ಕುಲುಕಿದ್ದು ಬಿಟ್ರೆ ನನ್ನ ಹತ್ರ ಏನಿದೆ?"

"ಕೊಫೊಡ್ ಕೈ ಕುಲುಕಿದ ಅಂದ್ರೆ ಮುಗೀತು. ಕಾಗದ ಗೀಗದ ಎಲ್ಲ ಕೋಪನ್‌ಹೇಗನ್‌ನವರ ಚಟ."

"ಆಯ್ತಪ್ಪ, ಯೂನಿಯನ್ನಿಗೆ ಫೋನ್ ಮಾಡ್ತೀನಿ. ಅವ್ರೇ ಬಂದು ನಿನ್ನ ಕೈ ಕುಲುಕ್ಲಿ."

ಯೂನಿಯನ್ ಎಂದದ್ದೇ ಏಗೊನ್ ಪೆನ್ನು ಹುಡುಕಿದ. ಮಾತಿಗೆ ನಿಂತರೆ ಊರನ್ನೇ ಮಲಗಿಸುವ ಈ ಮಹಾಶಯನಿಗೆ ಬರೆಯುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಕೆಲಸದ ವೇಳೆಯ ಹತ್ತಿರ ಬಂದಾಗ ಪೆನ್ನು ನಿಂತಿತು. ಗಂಟೆ ನಮೂದಿಸಿದರೆ ನಾಳೆ ತಾನೇ ಸಿಕ್ಕಿಬೀಳುತ್ತೇನಲ್ಲ! ಬುದ್ಧಿ ಓಡಿಸಿ, ಮೀಸೆಯಡಿ ನಗುತ್ತ, ‘ಇದುವರೆಗೆ ನಡೆದು ಬಂದಂತೆ’ ಎಂದು ಗೀಚಿದ.

ಗಂಟೆಯೇ ಇಲ್ಲದ ಆ ಕಾಗದವನ್ನು ಯೂನಿಯನ್ನಿನವರು ನೋಡಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಮೆರೆಟೆ ಮಾತ್ರ ಎರಡು ಸಲ ಓದಿ, ನಗು ಬಾರದಂತೆ ತುಟಿ ಕಚ್ಚಿಕೊಂಡಳು.

"ಏನಾದ್ರೂ ಬದಲಾಯಿಸೋದಿದ್ರೆ ಮುಂಚೇನೇ ಬರೆದು ತಿಳಿಸ್ಬೇಕು, ಅದನ್ನೂ ಹಾಕು."

"ಹಾಕ್ದೆ, ತಗೋ. ಇನ್ನು ಮೀನು ನೋಡು ಹೋಗು, ಮಾರಾಯ್ತಿ."

ಹಬ್ಬದ ದಿನ ಅಂಗಡಿಯ ಮುಂದೆ ಜನವೋ ಜನ. ಗಡಿಯಾರ ಐದು ಹೊಡೆಯುತ್ತಲೇ ಮೆರೆಟೆ ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಸಿದಳು.

"ಎಲ್ಲಿಗೆ?" ಏಗೊನ್ ಕಣ್ಣು ಕೆಕ್ಕರಿಸಿದ.

"ಮನೆಗೆ. ಪ್ರತಿ ಹಬ್ಬಕ್ಕೂ ಐದಕ್ಕೇ ಅಂಗಡಿ ಮುಚ್ಚಿಸ್ತಿದ್ದೋನು ಯಾರು? ಭಾಷಣಕ್ಕೆ ಮುಂಚೆ ಮೀನಿನ ವಾಸನೆ ಹೋಗೋ ತನಕ ಮೈ ತಿಕ್ಕೋಬೇಕು ಅಂತಿದ್ದೋನು ಯಾರು? ಇದುವರೆಗೆ ನಡೆದು ಬಂದಂತೆ, ಏಗೊನ್! ನಿನ್ನದೇ ಕೈಬರಹ."

ಸಾಲಿನಲ್ಲಿ ನಿಂತಿದ್ದ ಬೇಕರಿಯ ಥೂರಾ ಕಿಸಕ್ಕೆಂದು ನಕ್ಕಳು. ಮೆರೆಟೆ ಮೈ ತಿಕ್ಕಿಕೊಳ್ಳಲು ಹೊರಟೇಬಿಟ್ಟಳು.

ಪೆಟ್ಟಿಗೆ ಹತ್ತಿದವಳು ಎಲ್ಲಿಂದ ಶುರು ಮಾಡಲಿ ಎಂದು ಜನರತ್ತ ಕಣ್ಣಾಡಿಸಿದಳು. ಅಷ್ಟರಲ್ಲಿ ಏಗೊನ್ ಅಂಗಡಿ ಮುಚ್ಚಿ, ಏಪ್ರನ್ನಿನಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೈಕಟ್ಟಿ ನಿಂತದ್ದು ಕಂಡಿತು. ಸರಿ, ಮಾತು ತಾನಾಗಿ ಬಂತು. ಒಂದು ವರ್ಷ ಇವನು ಒಲೆಯ ಮುಂದೆ ಭಾಷಣ ಅಭ್ಯಾಸ ಮಾಡುತ್ತ ಮೈಮರೆತದ್ದು, ಒಲೆ ತುಂಬ ಇದ್ದ ಮೀನು ಇದ್ದಿಲಾದದ್ದು, ಅದನ್ನೇ ‘ನಮ್ಮ ಅಜ್ಜನ ಕಾಲದ ಪದ್ಧತಿ’ ಎಂದು ಜರ್ಮನ್ ಪ್ರವಾಸಿಗರಿಗೆ ಮಾರಿದ್ದು, ಅವರು ಮರುವರ್ಷ ಬಂದು ಅದೇ ಬೇಕೆಂದು ಹಟ ಹಿಡಿದದ್ದು, ಎಲ್ಲವನ್ನೂ ಹೇಳಿದಳು. ದಡವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಏಗೊನ್ ಮೊದಲು ಕೆಂಪಾದ, ಆಮೇಲೆ ತಡೆಯಲಾರದೆ ತಾನೂ ನಕ್ಕ. ಬಿಯರ್ ಇನ್ನೂ ತಣ್ಣಗಿರುವಾಗಲೇ ಭಾಷಣ ಮುಗಿದಿತ್ತು.

ಕೆಳಗಿಳಿದರೆ ಏಗೊನ್ ಎದೆಯುಬ್ಬಿಸಿಕೊಂಡು ಅಕ್ಕಪಕ್ಕದವರಿಗೆ ಹೇಳುತ್ತಿದ್ದ: "ನೋಡಿದ್ರಾ? ನನ್ನ ಹತ್ರ ಕೆಲಸ ಮಾಡೋಳು! ನಮ್ಮ ಹೊಗೆಮನೆಯೋಳು!"

"ಐದು ಗಂಟೆ ತನಕ ನಿನ್ನೋಳು ಕಣೋ," ಎಂದಳು ಥೂರಾ, ಬೆಂಚಿನಲ್ಲಿ ಜಾಗ ಬಿಡುತ್ತ. "ಆಮೇಲೆ ನಮ್ಮೋಳು. ಬಾರೇ ಮೆರೆಟೆ, ಕೂತ್ಕೋ."

ಮೆರೆಟೆ ಥೂರಾ ಚಾಚಿದ ಬಿಯರ್ ಇಸಿದುಕೊಂಡು ಊರವರ ನಡುವೆ ಕೂತಳು.