ಕುಳ್ಳ ರಾಕೆಟ್

ನಾನು ಒಂದು ಮರದ ರಾಕೆಟ್. ಆಕಾಶ ಕಂಡಿಲ್ಲ, ಹಾರುವ ರಾಕೆಟ್ ಹೇಗಿರುತ್ತದೆಂದು ತೋರಿಸಲು ಹುಟ್ಟಿದ ಮಾದರಿ. ಬಾಹ್ಯಾಕಾಶ ಕೇಂದ್ರದ ಕಾರ್ಯಾಗಾರದಲ್ಲಿ ಮೋನಪ್ಪ ಬಡಿಗೇರರು ನನ್ನನ್ನು ಸಾಗುವಾನಿಯಲ್ಲಿ ಕಡೆದರು. ಮಾಡಿಸಿದವರು ಎಂಜಿನಿಯರ್ ನೀಲಗಂಗಾ ತಳವಾರ.

ಮನುಷ್ಯರನ್ನು ಮತ್ತೆ ಚಂದ್ರನ ಮೇಲೆ ಇಳಿಸಬೇಕಿತ್ತು. ಯಾವ ರಾಕೆಟ್ಟಿನಲ್ಲಿ ಎಂಬುದೇ ಜಗಳ. ಸಮಿತಿಯ ಅಧ್ಯಕ್ಷ ವೆಂಕಟರಮಣಯ್ಯನವರಿಗೆ ಹೊಸ ಎಂಜಿನ್ನಿನ ದೈತ್ಯ ಬೇಕು. ನೀಲಗಂಗಾ ಹೇಳಿದ್ದು ಬೇರೆ: ಈಗಾಗಲೇ ಹಾರುತ್ತಿರುವ ರಾಕೆಟ್ಟನ್ನೇ ಎರಡು ಸಲ ಹಾರಿಸೋಣ. ಒಂದರಲ್ಲಿ ಗಗನಯಾತ್ರಿಗಳು, ಇನ್ನೊಂದರಲ್ಲಿ ಚಂದ್ರನ ಮೇಲಿಳಿಯುವ ನೌಕೆ. ಭೂಮಿಯನ್ನು ಸುತ್ತುತ್ತಿರುವಾಗಲೇ ಎರಡನ್ನೂ ಜೋಡಿಸೋಣ. ಖರ್ಚು ದೈತ್ಯನದರ ಮೂರನೇ ಒಂದು ಪಾಲು.

ಸಭೆಯ ದಿನ ಮೇಜಿನ ಮೇಲೆ ದೈತ್ಯನ ಮಾದರಿಯ ಪಕ್ಕ, ಆ ಹಾರುತ್ತಿರುವ ರಾಕೆಟ್ಟಿನ ಮಾದರಿಯಾದ ನನ್ನನ್ನು ನಿಲ್ಲಿಸಿದರು. ನಾನು ಅದರ ಅರ್ಧಕ್ಕೂ ಬರಲಿಲ್ಲ.

"ಈ ಕುಳ್ಳನ್ನ ನಂಬ್ಕೊಂಡು ಚಂದ್ರನಿಗೆ ಹೋಗ್ತೀವಿ ಅಂದ್ರೆ ಜನ ನಗ್ತಾರಮ್ಮ," ಎಂದರು ಅಧ್ಯಕ್ಷರು.

"ನಗಲಿ ಬಿಡ್ರಿ ಸರ್. ಇದು ಇಪ್ಪತ್ತೆರಡು ಸಲ ಹಾರೇತಿ. ನಿಮ್ಮ ಎಂಜಿನ್ ಇನ್ನೂ ಕಾಗದದ ಮ್ಯಾಲ ಐತಿ."

"ಜೋಡಣೆ ಕೈಕೊಟ್ಟರೆ?"

"ಹೋದವರು ಭೂಮಿ ಹತ್ತಿರಾನ ಇರ್ತಾರ. ಇಳಿದು ಮನಿಗೆ ಬರ್ತಾರ."

ಎಲ್ಲರೂ ದೈತ್ಯನಿಗೇ ಕೈಯೆತ್ತಿದರು. ನೀಲಗಂಗಾ ಮಾತ್ರ ವರದಿಗೆ ಸಹಿ ಹಾಕಲಿಲ್ಲ. ಕಾರಣಗಳನ್ನು ನಾಲ್ಕು ಪುಟ ಬರೆದು ಅದರ ಕೊನೆಗೆ ಲಗತ್ತಿಸಿದರು. ಮರುವಾರವೇ ತರಬೇತಿ ವಿಭಾಗಕ್ಕೆ ವರ್ಗ. ನನ್ನನ್ನು ಕಂಕುಳಲ್ಲಿಟ್ಟುಕೊಂಡು, ತಲೆ ತಗ್ಗಿಸದೆ ನಡೆದರು.

ಅಲ್ಲಿ ಗಗನಯಾತ್ರಿಗಳಿಗೆ ನನ್ನನ್ನೇ ಬಿಚ್ಚಿ, ಜೋಡಿಸಿ ಪಾಠ ಹೇಳಿದರು. ಐದು ವರ್ಷ ಕಳೆಯಿತು. ಹೊಸ ಎಂಜಿನ್ ಪರೀಕ್ಷೆಯಲ್ಲಿ ಮೂರು ಸಲ ಸಿಡಿಯಿತು. ಆಗ ಗಗನಯಾತ್ರಿ ಬೊಳ್ಳಮ್ಮ ನನ್ನನ್ನೆತ್ತಿಕೊಂಡು ಹೋಗಿ ಸಮಿತಿಯ ಮುಂದಿಟ್ಟಳು.

"ಒಳಗೆ ಕೂರೋಳು ನಾನು. ಕೂತರೆ ಇದರಲ್ಲೇ ಕೂರ್ತೀನಿ."

ಒಪ್ಪಲೇಬೇಕಾಯಿತು. ವೆಂಕಟರಮಣಯ್ಯನವರು ತರಬೇತಿ ವಿಭಾಗಕ್ಕೆ ತಾವೇ ಬಂದರು.

"ನಿಮ್ಮ ಯೋಜನೆನೇ ಆಗಲಿ. ಆ ನಾಲ್ಕು ಪುಟ ಮಾತ್ರ ವಾಪಸ್ ತಗೊಳ್ಳಿ ತಾಯಿ. ಸಮಿತಿಯ ಮರ್ಯಾದೆ ಪ್ರಶ್ನೆ."

"ಅವು ಅಲ್ಲೇ ಇರಲಿ ಸರ್. ಮುಂದ ಯಾರರ ಒಬ್ಬಂಟಿ ನಿಂತು ಬ್ಯಾಡ ಅನ್ನೋ ಹೊತ್ತು ಬಂದ್ರ, ಓದ್ಕೋತಾರ."

ಈಗ ನನಗೆ ವಯಸ್ಸಾಗಿದೆ. ಬಣ್ಣ ಹೋಗಿ, ಒಂದು ರೆಕ್ಕೆ ಮುರಿದು, ಉಗ್ರಾಣದ ಮೂಲೆಯಲ್ಲಿದ್ದೇನೆ. ಗುಜರಿಗೆ ಹಾಕುವ ಪಟ್ಟಿಯಲ್ಲಿ ನನ್ನ ಹೆಸರೂ ಇದೆಯಂತೆ. ಹಾಕಲಿ. ಬೊಳ್ಳಮ್ಮ ಸೇರಿ ಚಂದ್ರನಿಗೆ ಹೋದ ಮೂವರೂ ತಿರುಗಿ ಬಂದು, ತಮ್ಮ ತಮ್ಮ ಮನೆಗಳಲ್ಲಿ ಊಟಕ್ಕೆ ಕೂತಿದ್ದಾರೆ.